ಎಂಡೈವ್ ಬೆಳೆಯುವ ಬಗೆ: ಬಿತ್ತನೆಯ ಲೆಕ್ಕದಿಂದ ಸುಳಿ ಬಿಳಿಚಿಸುವವರೆಗೆ

ಎಂಡೈವ್ ಚಳಿಗಾಲದ ಸೊಪ್ಪು. ಲೆಟ್ಯೂಸ್ ಬೆಳೆದು ಗೊತ್ತಿರುವವರಿಗೆ ಇದರ ಆರೈಕೆ ಹೊಸದೇನಲ್ಲ. ಆದರೂ ನಮ್ಮ ಕೈತೋಟಗಳಲ್ಲಿ ಇದು ಕೈಕೊಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಬೀಜದ ಪೊಟ್ಟಣ ಕೈಗೆ ಬಂದ ದಿನವೇ ಬಿತ್ತುತ್ತೇವೆ. ಫೆಬ್ರವರಿಯಲ್ಲಿ ಬಿತ್ತಿದ ಎಂಡೈವ್ ಏಪ್ರಿಲ್ ಬಿಸಿಲಿಗೆ ಸುಳಿ ಕಟ್ಟುವ ಬದಲು ಹೂದಂಟು ಎಬ್ಬಿಸುತ್ತದೆ, ಎಲೆ ಬಾಯಿಗಿಡಲಾಗದಷ್ಟು ಕಹಿಯಾಗುತ್ತದೆ. ಆಮೇಲೆ ಎಷ್ಟು ಗೊಬ್ಬರ ಹಾಕಿದರೂ, ಎಷ್ಟು ನೀರು ಹನಿಸಿದರೂ ಆ ಗಿಡವನ್ನು ಹಿಂದಕ್ಕೆ ತರಲಾಗದು.

ಹಾಗಾಗಿ ಮೊದಲು ಗೊತ್ತುಮಾಡಬೇಕಾದದ್ದು ಬಿತ್ತುವ ದಿನವನ್ನಲ್ಲ, ಕೊಯ್ಯುವ ದಿನವನ್ನು. ನಿಮ್ಮೂರಿನಲ್ಲಿ ವರ್ಷದ ಅತಿ ತಣ್ಣನೆಯ ಐದಾರು ವಾರ ಯಾವುದು ನೋಡಿ. ಎಂಡೈವಿನ ಸುಳಿ ತುಂಬಿಕೊಳ್ಳುವುದು ಆ ವಾರಗಳಲ್ಲೇ ಆಗಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿ: ಸಸಿಗೆ ನಾಲ್ಕು ವಾರ, ನಾಟಿಯಿಂದ ಸುಳಿ ಕಟ್ಟುವವರೆಗೆ ಏಳೆಂಟು ವಾರ, ಎಲೆ ಕಟ್ಟಿ, ಬೆಳಕು ತಡೆದು ಸುಳಿ ಬಿಳಿಚಿಸಲು ಒಂದೂವರೆ ವಾರ. ಒಟ್ಟು ಸುಮಾರು 90 ದಿನ.

ಯಾವ ಊರಿಗೆ ಯಾವ ತಿಂಗಳು

ಬೆಂಗಳೂರು, ಮೈಸೂರು, ತುಮಕೂರು, ಕೋಲಾರದ ಕಡೆ ಡಿಸೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ರಾತ್ರಿ 15–16 ಡಿಗ್ರಿ, ಹಗಲು 26–28 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಎಂಡೈವಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಈ ಲೆಕ್ಕದಲ್ಲಿ ಸೆಪ್ಟೆಂಬರ್ ಕೊನೆಯ ವಾರದಿಂದ ನವೆಂಬರ್ ಮೊದಲ ವಾರದವರೆಗೆ ಬಿತ್ತಬಹುದು. ಒಂದೇ ಸಲ ಎಲ್ಲ ಬೀಜ ಹಾಕಬೇಡಿ. ಹದಿನೈದು ದಿನಕ್ಕೊಮ್ಮೆ ಹತ್ತು ಹನ್ನೆರಡು ಸಸಿಯಂತೆ ಮೂರು ಕಂತು ಮಾಡಿದರೆ ನಾಲ್ಕು ಜನರ ಮನೆಗೆ ಡಿಸೆಂಬರ್ ಕೊನೆಯಿಂದ ಫೆಬ್ರವರಿ ಆರಂಭದವರೆಗೆ ಸೊಪ್ಪು ಸಿಗುತ್ತದೆ.

ಕೊಡಗು, ಚಿಕ್ಕಮಗಳೂರಿನ ಎತ್ತರದ ಜಾಗಗಳು ಇದಕ್ಕಿಂತ ತಂಪು, ಆದರೆ ಮುಂಗಾರಿನ ಮಳೆ ಗಿಡವನ್ನು ಕೊಳೆಸಿಬಿಡುತ್ತದೆ. ಅಲ್ಲಿ ಮಳೆ ಹಿಂದೆ ಸರಿಯುವ ಅಕ್ಟೋಬರಿನಲ್ಲಿ ಬಿತ್ತಿ. ಕಲಬುರಗಿ, ರಾಯಚೂರು, ವಿಜಯಪುರದಲ್ಲಿ ಅಕ್ಟೋಬರ್ ಹಗಲು ಇನ್ನೂ ಕಾದಿರುತ್ತದೆ. ನವೆಂಬರ್ ಮೊದಲ ಎರಡು ವಾರ ಬಿತ್ತನೆಗೆ ಸರಿ, ಫೆಬ್ರವರಿ ಎರಡನೇ ವಾರದೊಳಗೆ ಕೊಯ್ಲು ಮುಗಿಸುವಂತಿರಲಿ. ಮಂಗಳೂರು, ಉಡುಪಿ, ಕಾರವಾರದ ಕರಾವಳಿಯಲ್ಲಿ ಚಳಿಯೇ ಇಲ್ಲ. ಅಲ್ಲಿ ತುಂಬಿದ ಸುಳಿಯ ಆಸೆ ಬಿಟ್ಟು, ಡಿಸೆಂಬರಿನಲ್ಲಿ ಒತ್ತಾಗಿ ಬಿತ್ತಿ, 25–30 ದಿನಕ್ಕೆ ಎಳೆ ಎಲೆಯನ್ನೇ ಕತ್ತರಿಸಿ ತಿನ್ನುವುದು ಜಾಣತನ.

ಹೊರದೇಶದಲ್ಲಿರುವವರಿಗೆ ಲೆಕ್ಕ ಬೇರೆ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲು 13 ಗಂಟೆಯನ್ನೂ ಮುಟ್ಟುವುದಿಲ್ಲ. ಲಂಡನ್ನಿನಲ್ಲಿ ಜೂನ್ ಹಗಲು 16 ಗಂಟೆ ದಾಟುತ್ತದೆ. ಉದ್ದದ ಹಗಲು ಎಂಡೈವಿಗೆ ಹೂ ಬಿಡುವ ಸೂಚನೆ. ವಸಂತದ ಚಳಿಗೆ ಸಿಕ್ಕ ಎಳೆ ಸಸಿ ಮುಂದೆ ಹಗಲು ಉದ್ದವಾದಂತೆ ಹೂದಂಟು ಎಬ್ಬಿಸುವುದು ಖಚಿತ ಎಂದೇ ಇಟ್ಟುಕೊಳ್ಳಿ. ಆದ್ದರಿಂದ ಇಂಗ್ಲೆಂಡಿನಲ್ಲಿ ಜೂನ್ ಕೊನೆಯಿಂದ ಜುಲೈ ಕೊನೆಯೊಳಗೆ, ನ್ಯೂಜೆರ್ಸಿಯಂಥ ಕಡೆ ಜುಲೈ ಮಧ್ಯದಿಂದ ಆಗಸ್ಟ್ ಮೊದಲ ವಾರದೊಳಗೆ ಬಿತ್ತಿ, ಶರತ್ಕಾಲದಲ್ಲಿ ಕೊಯ್ಯಬೇಕು. ಇಬ್ಬನಿ ತೆಳುವಾಗಿ ಹೆಪ್ಪುಗಟ್ಟುವಷ್ಟು ಚಳಿಯನ್ನು ಬೆಳೆದ ಗಿಡ ತಡೆದುಕೊಳ್ಳುತ್ತದೆ, ರುಚಿಯೂ ಕೊಂಚ ಮೆದುವಾಗುತ್ತದೆ. ಟೆಕ್ಸಾಸ್, ಫ್ಲಾರಿಡಾ, ಕೊಲ್ಲಿ ದೇಶಗಳಲ್ಲಿ ನಮ್ಮಂತೆಯೇ ಬಿಸಿಲು ಇಳಿದ ಮೇಲೆ ಬಿತ್ತನೆ.

ಬೀಜ ಕೊಳ್ಳುವಾಗ

ಎಂಡೈವಿನಲ್ಲಿ ಎರಡು ಬಗೆ. ಒಂದು, ಅಂಚು ಸೀಳಿ ಗುಂಗುರಾದ ಎಲೆಯದು. ಇದನ್ನು ಫ್ರಿಸೆ ಎಂದೂ ಮಾರುತ್ತಾರೆ. ಇನ್ನೊಂದು, ಅಗಲವಾದ ದಪ್ಪ ಎಲೆಯ ಎಸ್ಕರೋಲ್. ಎರಡೂ ಒಂದೇ ಜಾತಿ, ಸಿಕೋರಿಯಂ ಎಂಡಿವಿಯ. ಸೂಪರ್‌ಮಾರ್ಕೆಟ್ಟಿನಲ್ಲಿ ಬಿಳಿ ಮೊಗ್ಗಿನಂತೆ ಕಾಣುವ ಬೆಲ್ಜಿಯನ್ ಎಂಡೈವ್ ಮಾತ್ರ ಬೇರೆ ಜಾತಿ. ಅದು ಚಿಕೋರಿ, ನಮ್ಮ ಫಿಲ್ಟರ್ ಕಾಫಿಪುಡಿಗೆ ಬೇರನ್ನು ಹುರಿದು ಬೆರೆಸುತ್ತಾರಲ್ಲ, ಅದೇ ಜಾತಿಯ ಇನ್ನೊಂದು ತಳಿ. ಅದನ್ನು ಬೆಳೆಯಲು ಮೊದಲು ಗಡ್ಡೆಯಂಥ ಬೇರು ಬೆಳೆಸಿ, ಅಗೆದು, ತಣ್ಣಗಿಟ್ಟು, ಮತ್ತೆ ಕತ್ತಲಲ್ಲಿ ಚಿಗುರಿಸಬೇಕು. ಈ ಬರಹದ ಕ್ರಮ ಅದಕ್ಕೆ ಹೊಂದುವುದಿಲ್ಲ. ಪೊಟ್ಟಣದ ಮೇಲೆ ವಿಟ್‌ಲೂಫ್ ಎಂದಿದ್ದರೆ ಅದು ಚಿಕೋರಿ ಎಂದು ತಿಳಿಯಿರಿ.

ಗುಂಗುರು ಬಗೆಯಲ್ಲಿ ಗ್ರೀನ್ ಕರ್ಲ್ಡ್ ರಫೆಕ್, ಸಾಲಡ್ ಕಿಂಗ್, ಎಸ್ಕರೋಲಿನಲ್ಲಿ ಬಟೇವಿಯನ್ ಫುಲ್ ಹಾರ್ಟ್ ಹಳೆಯ, ನಂಬಿಕೆಯ ತಳಿಗಳು. ಮೊದಲ ಸಲ ಬೆಳೆಯುವವರು ಎಸ್ಕರೋಲಿನಿಂದ ಶುರುಮಾಡುವುದು ಒಳ್ಳೆಯದು. ಅದರ ಕಹಿ ಕಡಿಮೆ, ಬೇಯಿಸಿದರೂ ಚೆನ್ನ. ಗುಂಗುರು ಬಗೆ ನೋಡಲು ಚೆಂದ, ಆದರೆ ಎಲೆಯ ಮಡಿಕೆಗಳಲ್ಲಿ ನೀರು ನಿಂತು ಕೊಳೆಯುವುದು ಹೆಚ್ಚು, ತೊಳೆಯುವ ಕೆಲಸವೂ ಹೆಚ್ಚು.

ಒಂದು ಗ್ರಾಂ ತೂಕಕ್ಕೆ ಸುಮಾರು 600 ಬೀಜ ಬರುತ್ತವೆ. ಮನೆಗೆ ಅರ್ಧ ಗ್ರಾಂ ಧಾರಾಳ. ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಒಣ ಜಾಗದಲ್ಲಿಟ್ಟರೆ ನಾಲ್ಕೈದು ವರ್ಷ ಮೊಳಕೆಯ ಶಕ್ತಿ ಉಳಿಯುತ್ತದೆ.

ಸಸಿ ಎಬ್ಬಿಸುವುದು

ಮೊಳಕೆಗೆ 20–22 ಡಿಗ್ರಿ ಹಿತ, ಐದರಿಂದ ಏಳು ದಿನದಲ್ಲಿ ಮೊಳೆಯುತ್ತದೆ. ಮಣ್ಣಿನ ಬಿಸಿ 28–30 ಡಿಗ್ರಿ ದಾಟಿದರೆ ಬೀಜ ನಿದ್ದೆಗೆ ಜಾರುತ್ತದೆ. ಕೆಟ್ಟಿರುವುದಿಲ್ಲ, ಎದ್ದೇಳುವುದಿಲ್ಲ ಅಷ್ಟೆ. ತಾರಸಿಯ ಕಾದ ಸಿಮೆಂಟಿನ ಮೇಲೆ ಟ್ರೇ ಇಟ್ಟು ಬೀಜ ಸರಿಯಿಲ್ಲ ಎಂದು ಅಂಗಡಿಯವರನ್ನು ದೂರುವುದು ಇದರಿಂದಲೇ. ಬಿತ್ತಿದ ಟ್ರೇಯನ್ನು ಮೊದಲ ಮೂರು ದಿನ ಮನೆಯೊಳಗೆ ತಣ್ಣನೆಯ ನೆಲದ ಮೇಲೆ, ಕಿಟಕಿಯ ಹತ್ತಿರ ಇಡಿ. ಬಿಸಿ ಊರಿನವರು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ರಾತ್ರಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟು ಆಮೇಲೆ ಬಿತ್ತಬಹುದು. ಇದನ್ನು ಎರಡು ದಿನಕ್ಕಿಂತ ಹೆಚ್ಚು ಎಳೆಯಬೇಡಿ. ನೆನೆದ ಬೀಜಕ್ಕೆ ಹೆಚ್ಚು ಕಾಲ ಚಳಿ ತಾಕಿದರೆ ಅದೇ ಮುಂದೆ ಬೇಗ ಹೂವಿಗೆ ಕಾರಣವಾಗುತ್ತದೆ.

98 ಗುಳಿಯ ಪ್ರೋಟ್ರೇ ಸಾಕು. ಮೂರು ಭಾಗ ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಹೊಟ್ಟು), ಒಂದು ಭಾಗ ಜರಡಿ ಹಿಡಿದ ಎರೆಗೊಬ್ಬರ. ಕೋಕೋಪೀಟನ್ನು ತೊಳೆಯುವುದು ಮುಖ್ಯ, ಏಕೆಂದರೆ ಇಟ್ಟಿಗೆಯಾಗಿ ಬರುವ ಅಗ್ಗದ ಮಾಲಿನಲ್ಲಿ ಉಪ್ಪು ಉಳಿದಿರುತ್ತದೆ, ಎಳೆ ಬೇರಿನ ತುದಿ ಸುಡುತ್ತದೆ. ನೀರಲ್ಲಿ ಅರಳಿಸಿ, ಹಿಂಡಿ, ಮತ್ತೆ ನೀರು ಹಾಕಿ ಎರಡು ಸಲ ತೊಳೆದರೆ ಆಯಿತು. ಗುಳಿಗೆ ಎರಡು ಬೀಜ ಹಾಕಿ, ಮೇಲೆ 3–5 ಮಿಲಿಮೀಟರ್ ಮಾತ್ರ ಉದುರಿಸಿ. ಬೆಳಕು ತಾಕಿದರೆ ಮೊಳಕೆ ಚೆನ್ನಾಗಿ ಬರುತ್ತದೆ, ಆಳ ಹಾಕಿದ ಬೀಜ ಮೇಲೆ ಬರುವುದೇ ಇಲ್ಲ. ನೀರನ್ನು ಸ್ಪ್ರೇ ಬಾಟಲಿಯಿಂದ ಹನಿಸಿ.

ಇರುವೆ ಲೆಟ್ಯೂಸ್, ಎಂಡೈವ್ ಬೀಜಗಳನ್ನು ರಾತ್ರೋರಾತ್ರಿ ಹೊತ್ತೊಯ್ಯುತ್ತದೆ. ಟ್ರೇಯನ್ನು ಸ್ಟೂಲಿನ ಮೇಲಿಟ್ಟು ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿ.

ಮೊಳಕೆ ಕಂಡ ದಿನವೇ ಬೆಳಕಿಗೆ ತನ್ನಿ. ಎರಡು ದಿನ ತಡವಾದರೂ ಸಸಿ ನೂಲಿನಂತೆ ಉದ್ದವಾಗಿ ಬಾಗುತ್ತದೆ, ಆಮೇಲೆ ಸರಿಹೋಗುವುದಿಲ್ಲ. ಅಕ್ಟೋಬರ್ ಮಳೆ ಜೋರಾದ್ದರಿಂದ ಟ್ರೇ ಪಾರದರ್ಶಕ ಶೀಟಿನಡಿ ಇರಲಿ. ಮೊದಲ ನಿಜವಾದ ಎಲೆ ಬಂದಾಗ ಗುಳಿಗೆ ಒಂದೇ ಸಸಿ ಉಳಿಸಿ, ಇನ್ನೊಂದನ್ನು ಕೀಳದೆ ಕತ್ತರಿಯಿಂದ ಕತ್ತರಿಸಿ. ಬುಡ ನೀರಾಗಿ ಕಪ್ಪಗೆ ಸಣ್ಣದಾಗಿ ಸಸಿ ಮಲಗಿದರೆ ಅದು ಸಸಿ ಕೊಳೆ. ನೀರು ಹೆಚ್ಚಾಗಿ, ಗಾಳಿ ಕಡಿಮೆಯಾದಾಗ ಬರುತ್ತದೆ. ಸತ್ತ ಸಸಿ ತೆಗೆದು, ಮಿಶ್ರಣದ ಮೇಲ್ಮೈ ಒಣಗುವವರೆಗೆ ನೀರು ನಿಲ್ಲಿಸಿ. ಇದನ್ನು ಮೊದಲೇ ತಡೆಯಲು ಬಿತ್ತುವ ಮಿಶ್ರಣದ ಒಂದು ಕಿಲೋಗೆ 10 ಗ್ರಾಂನಂತೆ ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಬೆರೆಸಿಡಬಹುದು.

25–30 ದಿನಕ್ಕೆ ನಾಲ್ಕೈದು ಎಲೆ ಬಂದಿರುತ್ತದೆ. ಅದೇ ನಾಟಿಯ ವಯಸ್ಸು. ನಲವತ್ತು ದಿನ ಟ್ರೇಯಲ್ಲೇ ಉಳಿದ ಸಸಿಯ ಬೇರು ಸುರುಳಿ ಸುತ್ತಿ ಗಿಡ ಕುಗ್ಗುತ್ತದೆ, ನೆಲಕ್ಕೆ ಹೋದ ಮೇಲೂ ಸುಳಿ ಸಣ್ಣದಾಗೇ ಉಳಿಯುತ್ತದೆ. ನಾಟಿಗೆ ಮೊದಲು ಐದಾರು ದಿನ ಬೆಳಗಿನ ಬಿಸಿಲಿಗೆ ಒಗ್ಗಿಸಿ.

ಮಣ್ಣು, ಮಡಿ, ಚೀಲ

ನೀರು ಬಸಿದುಹೋಗಬೇಕು, ಆದರೆ ತೇವ ಉಳಿಯಬೇಕು. ನೆಲದಲ್ಲಾದರೆ ಒಂದು ಮೀಟರ್ ಅಗಲದ, 15 ಸೆಂಟಿಮೀಟರ್ ಎತ್ತರದ ಏರುಮಡಿ ಮಾಡಿ. ಕಪ್ಪು ಎರೆಮಣ್ಣಿನಲ್ಲಿ ಎತ್ತರ 20–25 ಸೆಂಟಿಮೀಟರ್ ಇರಲಿ. ಚದರ ಮೀಟರಿಗೆ 3 ಕಿಲೋ ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ, 100 ಗ್ರಾಂ ಬೇವಿನ ಹಿಂಡಿಯನ್ನು ನಾಟಿಗೆ ಎರಡು ವಾರ ಮೊದಲೇ ಮೇಲಿನ 15 ಸೆಂಟಿಮೀಟರ್ ಮಣ್ಣಿಗೆ ಬೆರೆಸಿ. ಮಣ್ಣಿನ ರಸಸಾರ (pH) 6.0ರಿಂದ 6.8 ಇದ್ದರೆ ಒಳ್ಳೆಯದು. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಮಣ್ಣು ಪರೀಕ್ಷೆ ಹೇಳಿದಷ್ಟು ಸುಣ್ಣ ಅಥವಾ ಡಾಲೊಮೈಟ್ ಕೊಡಿ. ಅಂದಾಜಿನ ಮೇಲೆ ಸುರಿಯಬೇಡಿ.

ತಾರಸಿಯಲ್ಲಾದರೆ ಗಿಡಕ್ಕೊಂದು 12 ಇಂಚು ಅಗಲ, 10–12 ಇಂಚು ಆಳದ ಗ್ರೋಬ್ಯಾಗ್ ಬೇಕು. ಎರಡು ಭಾಗ ಕೆಮ್ಮಣ್ಣು, ಒಂದು ಭಾಗ ಕೋಕೋಪೀಟ್, ಒಂದು ಭಾಗ ಎರೆಗೊಬ್ಬರ, ಚೀಲಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಆಯತಾಕಾರದ ಉದ್ದ ಚೀಲದಲ್ಲಿ 25 ಸೆಂಟಿಮೀಟರಿಗೊಂದರಂತೆ ಹಾಕಬಹುದು. ಆರಿಂಚಿನ ಕುಂಡದಲ್ಲಿ ಎಳೆ ಎಲೆ ಸಿಗುತ್ತದೆ, ಸುಳಿ ಸಿಗುವುದಿಲ್ಲ.

ಇಲ್ಲಿ ಗೊಬ್ಬರದ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕಾದ ಒಂದು ಮಾತಿದೆ. ಎಂಡೈವಿನ ಸುಳಿಯನ್ನು ಹಸಿಯಾಗೇ ತಿನ್ನುತ್ತೇವೆ. ಹಸಿ ಸಗಣಿ, ಸಗಣಿ ಬಗ್ಗಡ, ಜೀವಾಮೃತವನ್ನು ಎಲೆಯ ಮೇಲೆ ಸಿಂಪಡಿಸಬಾರದು. ನಾಟಿಯಾದ ಮೇಲೆ ಬುಡಕ್ಕೂ ಹಾಕದಿರುವುದೇ ಕ್ಷೇಮ. ಸಗಣಿಯಲ್ಲಿರುವ ರೋಗಾಣುಗಳು ಎಲೆಯ ಮಡಿಕೆಯೊಳಗೆ ಕೂತರೆ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ರಾಗಿಗೆ, ಬಾಳೆಗೆ ಹೊಂದುವ ಪದ್ಧತಿಯನ್ನು ಹಸಿ ಸೊಪ್ಪಿಗೆ ಹಾಗೇ ತರಬೇಡಿ. ಚೆನ್ನಾಗಿ ಕಳಿತು ಮಣ್ಣಿನ ವಾಸನೆ ಬರುವ ಗೊಬ್ಬರ ಮಾತ್ರ, ಅದೂ ನಾಟಿಗೆ ಮೊದಲು. ಪಾತ್ರೆ ತೊಳೆದ, ಸ್ನಾನದ ನೀರೂ ಬೇಡ.

ನಾಟಿ ಮತ್ತು ಆರೈಕೆ

ಗುಂಗುರು ಬಗೆಗೆ ಗಿಡದಿಂದ ಗಿಡಕ್ಕೆ 25, ಎಸ್ಕರೋಲಿಗೆ 30 ಸೆಂಟಿಮೀಟರ್. ಸಾಲಿನಿಂದ ಸಾಲಿಗೆ 35–40. ಸಂಜೆ ನೆಡಿ, ತಕ್ಷಣ ನೀರು ಕೊಡಿ, ಮೊದಲ ಮೂರು ದಿನ ಮಧ್ಯಾಹ್ನದ ಹೊತ್ತು ನೆರಳಿರಲಿ. ಎಲೆಗಳೆಲ್ಲ ಹುಟ್ಟುವ ಬುಡದ ನಡುಭಾಗ ಮಣ್ಣಿನ ಮಟ್ಟಕ್ಕೇ ಇರಬೇಕು. ಅದು ಮಣ್ಣಿನೊಳಗೆ ಹೂತರೆ ಸುಳಿಯ ತುಂಬ ಮಣ್ಣು, ನಂತರ ಕೊಳೆ. ಮೇಲೆದ್ದರೆ ಗಿಡ ಒಂದು ಕಡೆ ವಾಲುತ್ತದೆ.

ಸಾಲು ಒತ್ತಾಗಿಸಿ ಎಲೆಗಳು ಒಂದಕ್ಕೊಂದು ನೆರಳು ಕೊಟ್ಟು ತಾವಾಗೇ ಬಿಳಿಚಲಿ ಎಂದು ಕೆಲವರು 20 ಸೆಂಟಿಮೀಟರಿಗೆ ನೆಡುತ್ತಾರೆ. ಜನವರಿಯ ಒಣ ಹವೆಯಲ್ಲಿ ಅದು ನಡೆಯುತ್ತದೆ. ನವೆಂಬರಿನಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಮೂರು ದಿನ ಮೋಡ, ಜಿಟಿಜಿಟಿ ಮಳೆ ಹಿಡಿದರೆ ಇಡೀ ಮಡಿ ಕೊಳೆಯುತ್ತದೆ. ಬೆಂಗಳೂರಿನ ಕಡೆ ಒತ್ತು ನಾಟಿ ಬೇಡ.

ನೀರು ಬೆಳಿಗ್ಗೆ, ಬುಡಕ್ಕೆ. ನೆಲದಲ್ಲಿ ವಾರಕ್ಕೆ 25 ಮಿಲಿಮೀಟರ್ ಮಳೆಗೆ ಸಮನಾದ ನೀರು, ಅಂದರೆ ಚದರ ಮೀಟರಿಗೆ 25 ಲೀಟರ್, ಎರಡು ಮೂರು ಕಂತಿನಲ್ಲಿ. ಗ್ರೋಬ್ಯಾಗಿಗೆ ದಿನಕ್ಕೆ ಅರ್ಧದಿಂದ ಮುಕ್ಕಾಲು ಲೀಟರ್, ಬಿಸಿಲು ಏರಿದಂತೆ ಒಂದು ಲೀಟರ್. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ನೀರು ಬೇಕು. ಎರಡು ದಿನ ಮರೆತು ಮೂರನೇ ದಿನ ಕೊಡ ಸುರಿಯುವುದು ಈ ಸೊಪ್ಪಿಗೆ ಆಗಿಬರುವುದಿಲ್ಲ. ಒಮ್ಮೆ ಬಾಡಿದ ಗಿಡದ ಕಹಿ ಏರುತ್ತದೆ, ಇಳಿಯುವುದಿಲ್ಲ. ಒಣ ಎಲೆ, ಭತ್ತದ ಹುಲ್ಲನ್ನು ಎರಡು ಇಂಚು ದಪ್ಪ ಹೊದಿಸಿ, ಬುಡದಿಂದ ನಾಲ್ಕು ಬೆರಳು ದೂರ.

ನಾಟಿಯಾದ ಎರಡು ವಾರಕ್ಕೆ ಒಮ್ಮೆ, ನಾಲ್ಕು ವಾರಕ್ಕೆ ಮತ್ತೊಮ್ಮೆ ಗಿಡಕ್ಕೆ ಒಂದು ಹಿಡಿ ಎರೆಗೊಬ್ಬರ ಕೊಟ್ಟು ಮೇಲ್ಮಣ್ಣನ್ನು ಕೆದಕಿ. ಎಲೆ ತಿಳಿಹಳದಿಯಾಗಿ ಬೆಳವಣಿಗೆ ನಿಂತಿದ್ದರೆ 100 ಗ್ರಾಂ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಎರಡು ದಿನ ನೆನೆಸಿ, ಸೋಸಿ, ಹತ್ತು ಪಟ್ಟು ನೀರು ಬೆರೆಸಿ ಬುಡಕ್ಕೆ ಗಿಡಕ್ಕೆ ಕಾಲು ಲೀಟರ್ ಕೊಡಿ. ಸುಳಿ ಮಡಿಚಲು ಶುರುವಾದ ಮೇಲೆ ಗೊಬ್ಬರ ಸಂಪೂರ್ಣ ನಿಲ್ಲಿಸಿ. ಬೇರು ಮೇಲ್ಮಟ್ಟದಲ್ಲೇ ಹರಡಿರುವುದರಿಂದ ಕಳೆಯನ್ನು ಗುದ್ದಲಿಯಿಂದ ಅಗೆಯದೆ ಕೈಯಲ್ಲೇ ಕೀಳಿ.

ಸುಳಿ ಬಿಳಿಚಿಸುವುದು

ಎಂಡೈವಿನ ನಿಜವಾದ ಕೆಲಸ ಇದೇ. ಎಲೆ ಮುರಿದಾಗ ಒಸರುವ ಹಾಲಿನಲ್ಲಿ ಲ್ಯಾಕ್ಟುಸಿನ್, ಲ್ಯಾಕ್ಟುಕೊಪಿಕ್ರಿನ್ ಎಂಬ ಕಹಿ ಪದಾರ್ಥಗಳಿವೆ. ಬೆಳಕು ಸಿಗದ ಎಳೆ ಎಲೆಯಲ್ಲಿ ಹಸಿರು ಕಟ್ಟುವುದಿಲ್ಲ, ಕಹಿಯೂ ತಗ್ಗುತ್ತದೆ, ನಾರು ಮೆದುವಾಗುತ್ತದೆ. ಕೊಯ್ಲಿಗೆ ಮೊದಲು ಸುಳಿಗೆ ಕತ್ತಲು ಕೊಟ್ಟರೆ ತಿಳಿಹಳದಿ, ಕೆನೆ ಬಣ್ಣದ, ಹಸಿಯಾಗಿ ತಿನ್ನಬಹುದಾದ ನಡುಭಾಗ ಸಿಗುತ್ತದೆ.

ಗಿಡ 25–30 ಸೆಂಟಿಮೀಟರ್ ಅಗಲವಾಗಿ, ನಡುವೆ ಎಲೆಗಳು ಒತ್ತಾಗಿ ತುಂಬಿಕೊಂಡಾಗ ಹೊತ್ತು ಬಂತು ಎಂದರ್ಥ. ಅದಕ್ಕೆ ಮೊದಲೇ ಕಟ್ಟಿದರೆ ಗಿಡ ಅಲ್ಲಿಗೇ ನಿಲ್ಲುತ್ತದೆ, ಬೆಳಕಿಲ್ಲದೆ ಹೊಸ ಎಲೆ ತುಂಬುವುದಿಲ್ಲ.

ಗಿಡ ಪೂರ್ತಿ ಒಣಗಿರಬೇಕು. ಇಬ್ಬನಿ ಆರಿದ ಮೇಲೆ, ಹನ್ನೊಂದು ಗಂಟೆಯ ನಂತರ ಈ ಕೆಲಸಕ್ಕೆ ಕೈಹಾಕಿ. ಹಿಂದಿನ ದಿನ ಬುಡಕ್ಕೆ ನೀರು ಕೊಟ್ಟಿರಿ, ಆ ದಿನ ಬೇಡ. ಮೊದಲು ಕೆಳಗಿನ ಹಳದಿ, ಕೊಳೆತ, ನೆಲಕ್ಕಂಟಿದ ಎಲೆಗಳನ್ನು ತೆಗೆದುಹಾಕಿ. ಸುಳಿಯನ್ನು ಬಿಡಿಸಿ ಒಳಗೆ ಹೇನು, ಹುಳು, ಬಸವನಹುಳುವಿನ ಲೋಳೆ ಇದೆಯೇ ನೋಡಿ. ಇದ್ದದ್ದನ್ನು ಒಳಗಿಟ್ಟು ಕಟ್ಟಿದರೆ ಹತ್ತು ದಿನದಲ್ಲಿ ತಿನ್ನುವಂಥದ್ದೇನೂ ಉಳಿಯುವುದಿಲ್ಲ. ಆಮೇಲೆ ಹೊರ ಎಲೆಗಳನ್ನು ಎರಡೂ ಕೈಯಿಂದ ಎತ್ತಿ ಸುಳಿಯ ಮೇಲೆ ಕೂಡಿಸಿ, ತುದಿಯಿಂದ ಮೂರನೇ ಒಂದು ಭಾಗ ಕೆಳಗೆ ಬಾಳೆ ನಾರು, ಹತ್ತಿ ದಾರ ಅಥವಾ ಅಗಲ ರಬ್ಬರ್ ಬ್ಯಾಂಡಿನಿಂದ ಸಡಿಲವಾಗಿ ಕಟ್ಟಿ. ಕಟ್ಟಿನ ಕೆಳಗೆ ಎರಡು ಬೆರಳು ತೂರುವಂತಿರಲಿ. ಸಣ್ಣ ನೈಲಾನ್ ದಾರ ಎಲೆಯನ್ನು ಕೊಯ್ಯುತ್ತದೆ, ಕೊಯ್ದಲ್ಲಿ ಕೊಳೆ ಹಿಡಿಯುತ್ತದೆ.

ಗುಂಗುರು ಬಗೆಯ ಎಲೆ ಗಿಡ್ಡ, ಕಟ್ಟಿಗೆ ಸಿಗುವುದಿಲ್ಲ. ಅದಕ್ಕೆ ಸುಳಿಯ ಮೇಲೆ ಒಂದು ಹಳೆಯ ಊಟದ ತಟ್ಟೆಯನ್ನು ಕವುಚಿಟ್ಟರೆ ಸಾಕು. ನಡುಭಾಗ ಮಾತ್ರ ಬಿಳಿಚುತ್ತದೆ, ಅಂಚು ಹಸಿರಾಗಿ ಉಳಿಯುತ್ತದೆ, ಗಾಳಿಯೂ ಆಡುತ್ತದೆ. ಇಡೀ ಗಿಡವನ್ನು ಮುಚ್ಚಬೇಕೆಂದರೆ ದೊಡ್ಡ ಮಣ್ಣಿನ ಕುಂಡ ಬೋರಲು ಹಾಕಿ, ಮೇಲಿನ ತೂತಿಗೆ ಹೆಂಚಿನ ಚೂರು ಇಡಿ, ಅಂಚಿನ ಕೆಳಗೆ ಎರಡು ಕಡೆ ಸಣ್ಣ ಕಲ್ಲಿಟ್ಟು ಗಾಳಿಗೆ ದಾರಿ ಬಿಡಿ. ಕಪ್ಪು ಪ್ಲಾಸ್ಟಿಕ್ ಬಕೆಟ್ ಬೇಡ. ಬಿಸಿಲಿಗೆ ಒಳಗೆ ಗಿಡ ಬೇಯುತ್ತದೆ.

ಹಗಲು 26–28 ಡಿಗ್ರಿ ಇರುವ ನಮ್ಮಲ್ಲಿ ಏಳರಿಂದ ಹತ್ತು ದಿನ ಸಾಕು. ಚಳಿ ದೇಶದ ಪುಸ್ತಕಗಳು ಎರಡು ಮೂರು ವಾರ ಎನ್ನುತ್ತವೆ. ಅಲ್ಲಿನ ಹವೆಗೆ ಅದು ಸರಿ, ಇಲ್ಲಿ ಅಷ್ಟು ದಿನ ಬಿಟ್ಟರೆ ಒಳಗೆ ಲೋಳೆ. ಐದನೇ ದಿನ ಒಂದು ಗಿಡ ಬಿಚ್ಚಿ ನೋಡಿ. ಮಧ್ಯೆ ಮಳೆ ಬಂದರೆ ಎಲ್ಲ ಕಟ್ಟು ಬಿಚ್ಚಿ, ಗಿಡ ಅಲುಗಿಸಿ ನೀರು ಕೊಡವಿ, ಒಣಗಿದ ಮೇಲೆ ಮತ್ತೆ ಕಟ್ಟಿ. ಬಿಳಿಚಿದ ಸುಳಿ ಬಹಳ ಬೇಗ ಕೆಡುತ್ತದೆ, ಬೆಳಕಿಗೆ ಬಿಟ್ಟರೆ ಮತ್ತೆ ಹಸಿರಾಗಿ ಕಹಿಯಾಗುತ್ತದೆ. ಆದ್ದರಿಂದ ವಾರಕ್ಕೆ ಮನೆಗೆ ಬೇಕಾದ ಎರಡು ಮೂರು ಗಿಡವನ್ನಷ್ಟೇ ಸರದಿಯಂತೆ ಕಟ್ಟುತ್ತ ಹೋಗಿ.

ಕೆಡುವುದು ಎಲ್ಲಿ, ಏಕೆ

ಒಳ ಎಲೆಯ ಅಂಚು ಸುಟ್ಟಂತೆ ಕಂದಾಗುವುದು ಅತಿ ಸಾಮಾನ್ಯ. ಇದು ರೋಗವಲ್ಲ, ಎಳೆ ಎಲೆಗೆ ಸುಣ್ಣದಂಶ ತಲುಪದಿರುವುದು. ಸುಣ್ಣದಂಶ ಗಿಡದಲ್ಲಿ ನೀರಿನೊಂದಿಗೆ ಹರಿಯುತ್ತದೆ, ನೀರು ಹೋಗುವುದು ಹೆಚ್ಚು ಆವಿ ಬಿಡುವ ಹೊರ ಎಲೆಗಳ ಕಡೆಗೆ. ಮಡಿಚಿಕೊಂಡ ಒಳ ಎಲೆ ಆವಿ ಬಿಡುವುದು ಕಡಿಮೆ, ಅದಕ್ಕೆ ಪಾಲು ಸಿಗದು. ಸಾರಜನಕ ಹೆಚ್ಚಾಗಿ ಗಿಡ ಧಾವಂತದಲ್ಲಿ ಬೆಳೆದರೆ, ನೀರು ಏರುಪೇರಾದರೆ, ಬಿಸಿ ಹೆಚ್ಚಾದರೆ ಕೊರತೆ ಎದ್ದು ಕಾಣುತ್ತದೆ. ಬುಡಕ್ಕೆ ಮೊಟ್ಟೆಚಿಪ್ಪು ಹಾಕಿದರೆ ವಾಸಿಯಾಗುವುದಿಲ್ಲ, ಮಣ್ಣಿನಲ್ಲಿ ಸುಣ್ಣ ಸಾಕಷ್ಟಿದ್ದರೂ ಇದು ಬರುತ್ತದೆ. ಮದ್ದು ಎಂದರೆ ಸಮನಾದ ನೀರು, ಕೊನೆಯ ಮೂರು ವಾರ ಗೊಬ್ಬರವಿಲ್ಲದಿರುವುದು, ಬಿಸಿ ಏರಿದಾಗ ಮಧ್ಯಾಹ್ನದ ನೆರಳು.

ಸುಳಿಯ ನಡುವಿನಿಂದ ದಂಟು ಮೇಲೇಳತೊಡಗಿದರೆ ಅದನ್ನು ಮುರಿದು ಪ್ರಯೋಜನವಿಲ್ಲ, ಪಕ್ಕದಿಂದ ಬೇರೆ ಏಳುತ್ತದೆ. ಆ ದಿನವೇ ಕೊಯ್ದು ಬೇಯಿಸುವ ಅಡುಗೆಗೆ ಬಳಸಿ. ಫೆಬ್ರವರಿಯಲ್ಲಿ ಹಗಲು 30 ಡಿಗ್ರಿ ದಾಟಿದ ಕೂಡಲೇ ಶೇಕಡಾ 50ರ ನೆರಳುಬಲೆ ಹಾಕಿದರೆ ಇನ್ನೆರಡು ವಾರ ತಳ್ಳಬಹುದು, ಅದಕ್ಕಿಂತ ಹೆಚ್ಚಲ್ಲ.

ಕೊಳೆಯಲ್ಲಿ ಮೂರು ಬಗೆ ಗುರುತಿಸಿ. ನೆಲ ಮುಟ್ಟಿದ ಎಲೆಯ ದಿಂಡಿನಲ್ಲಿ ಕಂದು, ಒಳಗುಳಿಯ ಕಲೆಯಿಂದ ಶುರುವಾಗುವುದು ರೈಜೊಕ್ಟೋನಿಯ ಎಂಬ ಶಿಲೀಂಧ್ರದ ಬುಡ ಕೊಳೆ. ಹತ್ತಿಯಂಥ ಬಿಳಿ ಬೂಸ್ಟು, ಅದರಲ್ಲಿ ಸಾಸಿವೆಯಿಂದ ಕಡಲೆಯಷ್ಟು ಗಾತ್ರದ ಕಪ್ಪು ಗಟ್ಟಿ ಕಾಳುಗಳು ಕಂಡರೆ ಅದು ಸ್ಕ್ಲೆರೋಟಿನಿಯ ಎಂಬ ಇನ್ನೊಂದು ಶಿಲೀಂಧ್ರ. ಆ ಗಿಡವನ್ನು ಸುತ್ತಲಿನ ಮಣ್ಣಿನ ಸಮೇತ ಅಗೆದು ತೆಗೆಯಿರಿ, ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ, ಏಕೆಂದರೆ ಆ ಕಪ್ಪು ಕಾಳುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಆ ಜಾಗದಲ್ಲಿ ಮೂರು ವರ್ಷ ಲೆಟ್ಯೂಸ್, ಎಂಡೈವ್, ಹುರುಳಿಕಾಯಿ, ಎಲೆಕೋಸು ಬೇಡ, ಜೋಳ ಅಥವಾ ಈರುಳ್ಳಿ ಹಾಕಿ. ಕಟ್ಟಿದ ಸುಳಿಯೊಳಗೆ ದುರ್ವಾಸನೆಯ ಲೋಳೆ ಇದ್ದರೆ ಬ್ಯಾಕ್ಟೀರಿಯಾ ಕೊಳೆ, ಒದ್ದೆ ಇರುವಾಗ ಕಟ್ಟಿದ್ದರ ಫಲ. ಮೂರಕ್ಕೂ ಸಿಂಪಡಣೆಗಿಂತ ಗಾಳಿ, ಅಂತರ, ಬುಡಕ್ಕೆ ನೀರು ಇವೇ ಹೆಚ್ಚು ಕೆಲಸ ಮಾಡುತ್ತವೆ.

ಹೇನು ಎಲೆಯ ಅಡಿಯಲ್ಲಿ, ಸುಳಿಯಲ್ಲಿ ಗುಂಪಾಗಿ ಕೂರುತ್ತದೆ. ಮೊದಲು ನೀರಿನ ಧಾರೆಯಿಂದ ಹೊಡೆದು ಉದುರಿಸಿ. ಹೋಗದಿದ್ದರೆ ಲೀಟರ್ ನೀರಿಗೆ 3–5 ಮಿಲಿಲೀಟರ್ ಬೇವಿನೆಣ್ಣೆ, ಎರಡು ಮಿಲಿಲೀಟರ್ ದ್ರವ ಸೋಪು ಕಲಸಿ ಸಂಜೆ ಸಿಂಪಡಿಸಿ. ಎಲೆ ಕಟ್ಟುವುದಕ್ಕೆ ಹತ್ತು ದಿನ ಮೊದಲೇ ನಿಲ್ಲಿಸಿ, ಇಲ್ಲವಾದರೆ ಬೇವಿನ ಕಹಿ ಎಂಡೈವಿನ ಕಹಿಯ ಜೊತೆ ಸೇರುತ್ತದೆ. ಎಲೆಯ ಮೇಲೆ ಬಿಳಿ ಗೀರುಗಳ ಚಿತ್ತಾರ ಬರೆಯುವ ರಂಗೋಲಿ ಹುಳುವಿಗೆ ಆ ಎಲೆಯನ್ನು ಕಿತ್ತು ನಾಶಮಾಡುವುದೇ ಸಾಕು. ರಾತ್ರಿ ಮೇಯುವ ತಂಬಾಕಿನ ಹುಳುವನ್ನು ಟಾರ್ಚ್ ಹಿಡಿದು ಆರಿಸಿ. ಬಸವನಹುಳುವಿಗೆ ಸಂಜೆ ಒದ್ದೆ ಗೋಣಿಯ ಕೆಳಗೆ ಪಪ್ಪಾಯ ಅಥವಾ ಕೋಸಿನ ಎಲೆ ಇಟ್ಟು ಬೆಳಿಗ್ಗೆ ಸೇರಿದವನ್ನು ಉಪ್ಪುನೀರಿಗೆ ಹಾಕಿ. ದೊಡ್ಡ ಆಫ್ರಿಕನ್ ಬಸವನಹುಳುವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮನುಷ್ಯರಿಗೆ ಅಪಾಯದ ಪರಾವಲಂಬಿ ಹುಳು ಅದರಲ್ಲಿರಬಹುದು. ಅದು ಹರಿದಾಡಿದ ಎಲೆಯನ್ನು ಹಸಿಯಾಗಿ ತಿನ್ನಲೂಬೇಡಿ.

ಕೊಯ್ಲು, ಅಡುಗೆ

ಬೆಳಿಗ್ಗೆ ತಂಪಿನಲ್ಲಿ, ಹರಿತವಾದ ಚಾಕುವಿನಿಂದ ನೆಲದಿಂದ ಎರಡು ಮೂರು ಸೆಂಟಿಮೀಟರ್ ಮೇಲೆ ಕತ್ತರಿಸಿ. ಮೋಟು ನೆಲದಲ್ಲೇ ಇದ್ದರೆ, ಇನ್ನೂ ಚಳಿ ಇದ್ದರೆ, ಮೂರು ನಾಲ್ಕು ವಾರಕ್ಕೆ ಇನ್ನೊಂದು ಸಲ ಎಳೆ ಚಿಗುರು ಸಿಗುತ್ತದೆ. ಸುಳಿಯ ಎಲೆಗಳನ್ನು ಬಿಡಿಸಿ ಅಗಲ ಪಾತ್ರೆಯ ತಣ್ಣೀರಿನಲ್ಲಿ ಎರಡು ಮೂರು ಸಲ ಅಲುಗಿಸಿ ತೊಳೆಯಿರಿ, ಮಣ್ಣು ತಳಕ್ಕಿಳಿಯುತ್ತದೆ. ಪೂರ್ತಿ ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಗರಿಗರಿಯಾಗಿರುತ್ತದೆ.

ಬಿಳಿ ಸುಳಿಯನ್ನು ಸಣ್ಣಗೆ ಹೆಚ್ಚಿ ನೆನೆದ ಹೆಸರುಬೇಳೆ, ತೆಂಗಿನತುರಿ, ನಿಂಬೆರಸದೊಂದಿಗೆ ಕೋಸಂಬರಿ ಮಾಡಿ. ಉಪ್ಪನ್ನು ಬಡಿಸುವ ಮುನ್ನ ಮಾತ್ರ ಹಾಕಿ, ಇಲ್ಲದಿದ್ದರೆ ಎಲೆ ನೀರು ಬಿಟ್ಟು ಮುದುಡುತ್ತದೆ. ಹೊರಗಿನ ಹಸಿರೆಲೆಯನ್ನು ಎಸೆಯಬೇಡಿ. ಎಂಡೈವ್ ಸಿಗುವ ಕಾಲವೇ ಅವರೆಕಾಯಿಯ ಕಾಲ. ಇಟಲಿಯವರು ಎಸ್ಕರೋಲನ್ನು ಬಿಳಿ ಬೀನ್ಸ್ ಜೊತೆ ಬೇಯಿಸುವಂತೆಯೇ ನಾವು ಅವರೆಕಾಳಿನ ಜೊತೆ ಸೊಪ್ಪಿನ ಸಾರಿಗೆ ಹಾಕಬಹುದು, ಕಾಳಿನ ಸಿಹಿ ಕಹಿಯನ್ನು ಹದಕ್ಕೆ ತರುತ್ತದೆ. ಕಹಿ ಹೆಚ್ಚೆನಿಸಿದರೆ ಉಪ್ಪು ಹಾಕಿದ ಕುದಿನೀರಿನಲ್ಲಿ ಎರಡು ನಿಮಿಷ ಬೇಯಿಸಿ ಆ ನೀರು ಬಸಿದು ಬಳಸಿ.

ಬೀಜ ಉಳಿಸುವುದು

ಹೂದಂಟೆದ್ದ ಗಿಡಗಳಲ್ಲಿ ಎಲ್ಲಕ್ಕಿಂತ ಕೊನೆಗೆ ಎದ್ದ ಎರಡು ಮೂರನ್ನು ಬೀಜಕ್ಕೆ ಬಿಡಿ. ಬೇಗ ಎದ್ದದ್ದರ ಬೀಜ ಉಳಿಸಿದರೆ ಮುಂದಿನ ವರ್ಷ ಇನ್ನೂ ಬೇಗ ಏಳುವ ಗಿಡವೇ ಬರುತ್ತದೆ. ದಂಟು ಒಂದು ಮೀಟರಿಗಿಂತ ಎತ್ತರ ಹೋಗುತ್ತದೆ, ಕೋಲು ಕೊಟ್ಟು ಕಟ್ಟಿ. ನೀಲಿ ಹೂಗಳು ಬೆಳಿಗ್ಗೆ ಅರಳಿ ಬಿಸಿಲೇರಿದಂತೆ ಮುಚ್ಚಿಕೊಳ್ಳುತ್ತವೆ. ಎಂಡೈವ್ ತನ್ನ ಪರಾಗದಿಂದಲೇ ಬೀಜ ಕಟ್ಟುವುದರಿಂದ ಒಂದೇ ತಳಿ ಬೆಳೆದವರಿಗೆ ಬೆರಕೆಯ ಚಿಂತೆ ಕಡಿಮೆ. ಆದರೆ ಪಕ್ಕದಲ್ಲಿ ಚಿಕೋರಿ ಹೂ ಬಿಟ್ಟಿದ್ದರೆ ಆ ಚಿಕೋರಿಯ ಬೀಜ ಬೆರಕೆಯಾಗಬಹುದು.

ದಂಟು ಕಂದಾಗಿ ಒಣಗಿದಾಗ ಕತ್ತರಿಸಿ, ನೆರಳಿನಲ್ಲಿ ಎರಡು ವಾರ ತಲೆಕೆಳಗಾಗಿ ನೇತುಹಾಕಿ. ಲೆಟ್ಯೂಸಿನ ಬೀಜ ಅಲುಗಿಸಿದರೆ ಉದುರುತ್ತದೆ, ಇದರದ್ದು ಉದುರುವುದಿಲ್ಲ, ಗಟ್ಟಿ ಬುಡದಲ್ಲಿ ಕಚ್ಚಿಕೊಂಡಿರುತ್ತದೆ. ಒಣ ಹೂಬುಡಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಉರುಳಿಸಿ, ಮೊರದಲ್ಲಿ ಕೇರಿ ಹೊಟ್ಟು ತೆಗೆಯಿರಿ. ಇನ್ನೊಂದು ವಾರ ನೆರಳಲ್ಲಿ ಆರಿಸಿ, ತಳಿ ಮತ್ತು ತಿಂಗಳು ಬರೆದ ಚೀಟಿಯೊಂದಿಗೆ ಗಾಜಿನ ಬಾಟಲಿಗೆ ತುಂಬಿ ಮುಚ್ಚಳ ಬಿಗಿ ಮಾಡಿ.